ಬೆಳಕಿನ ಕುಂಚಿಗೆ

ಹೆರಿಗೆಯಾದ ಮನೆಯಲ್ಲಿ ಮೂರನೆಯ ದಿನವೋ ನಾಲ್ಕನೆಯ ದಿನವೋ ಅಜ್ಜಿಯು ಕೂಸನ್ನು ಬಾಗಿಲ ಬೆಳಕಿಗೆ ತಂದು, “ಯಾಕೋ ಅರಿಷಿಣ ಹಚ್ಚಿಧಾಂಗ ಕಾಣಸ್ತದಲ್ಲ!” ಎನ್ನುವುದನ್ನು ನಮ್ಮಲ್ಲಿ ಹಲವರು ಕೇಳಿರಬಹುದು. ಕೆಲವು ಮನೆಗಳಲ್ಲಿ ಈ ಮಾತನ್ನು ಹಗುರಾಗಿ ತೆಗೆದುಕೊಳ್ಳುವರು. ಕೆಲವರು ಒಡನೆಯೇ ದವಾಖಾನೆಯ ದಾರಿ ಹಿಡಿಯುವರು. ದಿನ ತುಂಬಿ ಹುಟ್ಟಿದ ಹತ್ತು ಕೂಸುಗಳಲ್ಲಿ ಸುಮಾರು ಆರಕ್ಕೆ, ದಿನ ತುಂಬದೆ ಹುಟ್ಟಿದ ಹತ್ತರಲ್ಲಿ ಸುಮಾರು ಎಂಟಕ್ಕೆ ಮೊದಲ ವಾರದಲ್ಲಿ ಈ ಹಳದಿ ಬಣ್ಣ ಬರುವುದುಂಟು. ಬಹುಪಾಲು ಕೂಸುಗಳಲ್ಲಿ ಅದು ಬಂದಂತೆಯೇ ಹೋಗುವುದು. ಕೆಲವೇ ಕೂಸುಗಳಲ್ಲಿ ಮಾತ್ರ ಅದು ಬೇಗ ಬೇಗನೆ ಏರಿ, ಮಿದುಳನ್ನು ಹೊಕ್ಕು, ಕಿವಿಯ ಶಕ್ತಿಯನ್ನು ಕಸಿದುಕೊಂಡು, ಕೈಕಾಲುಗಳನ್ನು ಹಿಡಿತಕ್ಕೆ ಬಾರದಂತೆ ಮಾಡಿಬಿಡುವುದು. ಹಾಗೆ ಕೆಟ್ಟ ಮಿದುಳನ್ನು ಮರಳಿ ಸರಿಪಡಿಸುವ ಔಷಧವಿಲ್ಲ. ಕೆಡುವ ಮೊದಲು ತಡೆಯುವ ಉಪಾಯ ಉಂಟು. ಆ ಉಪಾಯಗಳಲ್ಲಿ ಮೊದಲನೆಯದು ನೀಲಿ ಬೆಳಕು. ಈ ಬೆಳಕನ್ನು ಬಟ್ಟೆಯೊಳಗೆ ನೇಯ್ದು ಕೂಸಿಗೆ ಹೊದಿಸುವ ವಿದ್ಯೆ ಈಚಿನದು. ಮಗ್ಗದ ಸಪ್ಪಳವನ್ನು ಕೇಳುತ್ತ ಬೆಳೆದ ಸೊಲ್ಲಾಪುರ ಸೀಮೆಯ ನಮ್ಮ ಮಕ್ಕಳಿಗೆ ಅದು ರುಚಿಸೀತೆಂದು ಈ ಪಾಠವನ್ನು ಬರೆಯುತ್ತಿದ್ದೇವೆ.

ಮೊದಲು ಹಳದಿ ಬಣ್ಣ ಎಲ್ಲಿಂದ ಬರುವುದೆಂಬುದನ್ನು ನೋಡೋಣ. ನಮ್ಮ ರಕ್ತದ ಕೆಂಪು ಕಣಗಳು ಚಿರಾಯುಗಳಲ್ಲ. ದೊಡ್ಡವರಲ್ಲಿ ಒಂದೊಂದು ಕಣವೂ ಸುಮಾರು ೧೨೦ ದಿನ ಬಾಳುವುದು. ಎಳೆಗೂಸಿನಲ್ಲಿ ಅದಕ್ಕಿಂತ ಕಡಿಮೆ. ಆಯುಷ್ಯ ಮುಗಿದ ಕಣದ ಕೆಂಪು ದ್ರವ್ಯವು ಒಡೆದು ಕೊನೆಗೆ ಬಿಲಿರುಬಿನ್ ಎಂಬ ಹಳದಿ ವಸ್ತುವಾಗುವುದು. ಇದು ಕೊಬ್ಬಿನಲ್ಲಿ ಕರಗುವುದು, ನೀರಿನಲ್ಲಿ ಕರಗದು. ನೀರಿನಲ್ಲಿ ಕರಗದ ಕಸವನ್ನು ದೇಹವು ಹೊರಹಾಕುವುದು ಕಷ್ಟ. ಆದುದರಿಂದ ಯಕೃತ್ತು ಅದಕ್ಕೆ ಸಕ್ಕರೆಯ ಬಳಗಕ್ಕೆ ಸೇರಿದ ಒಂದು ಆಮ್ಲವನ್ನು ಜೋಡಿಸಿ, ನೀರಿಗೆ ಒಗ್ಗುವಂತೆ ಮಾಡಿ, ಪಿತ್ತದೊಡನೆ ಕರುಳಿಗೆ ಸಾಗಿಸುವುದು. ಹೊಟ್ಟೆಯಲ್ಲಿದ್ದಾಗ ಕೂಸಿನ ಪರವಾಗಿ ಈ ಕೆಲಸವನ್ನು ತಾಯಿಯ ದೇಹವೇ ನಡೆಸುತ್ತಿತ್ತು. ಹೊಕ್ಕುಳಬಳ್ಳಿಯನ್ನು ಕತ್ತರಿಸಿದೊಡನೆ ಭಾರವೆಲ್ಲ ಎಳೆಯ ಯಕೃತ್ತಿನ ಮೇಲೆ ಬೀಳುವುದು. ಅದು ಕೆಲಸವನ್ನು ಕಲಿಯಲು ಕೆಲವು ದಿನ ಹಿಡಿಯುವುದು. ಅಷ್ಟರಲ್ಲಿ ಕಸ ಕೂಡಿಬಿದ್ದು ಚರ್ಮವೂ ಕಣ್ಣಿನ ಬಿಳುಪೂ ಹಳದಿಯಾಗುವುವು. ತಾಯಿಯ ರಕ್ತಕ್ಕೂ ಕೂಸಿನ ರಕ್ತಕ್ಕೂ ಹೊಂದದೆ ಕಣಗಳು ಅಕಾಲದಲ್ಲಿ ಒಡೆಯುತ್ತಿದ್ದರೆ ಕಸದ ರಾಶಿ ಇನ್ನೂ ದೊಡ್ಡದು.

ಇದರಲ್ಲಿ ಬೆಳಕು ಏನು ಮಾಡೀತು ಎಂದು ವಿದ್ಯಾರ್ಥಿಗಳು ಕೇಳಬಹುದು. ಉತ್ತರವು ಆ ಬಣ್ಣದಲ್ಲಿಯೇ ಇದೆ. ಬಿಳಿಯ ಬೆಳಕಿನಲ್ಲಿ ನೇರಳೆಯಿಂದ ಕೆಂಪಿನವರೆಗೆ ಎಲ್ಲ ಬಣ್ಣಗಳೂ ಕೂಡಿವೆಯೆಂದು ನೀವು ಓದಿದ್ದೀರಿ. ಬಿಲಿರುಬಿನ್ ಈ ಬಣ್ಣಗಳಲ್ಲಿ ನೀಲಿಯನ್ನು ನುಂಗಿ ಉಳಿದುದನ್ನು ನಮ್ಮ ಕಣ್ಣಿಗೆ ಕಳುಹಿಸುವುದರಿಂದಲೇ ಹಳದಿಯಾಗಿ ಕಾಣುವುದು. ನುಂಗಿದ ನೀಲಿಯು ಒಳಗೆ ಸುಮ್ಮನಿರುವುದಿಲ್ಲ. ಬಿಲಿರುಬಿನ್ನಿನ ಅಣುವನ್ನು ಮಡಿಸಿಟ್ಟ ಚೀಟಿಗೆ ಹೋಲಿಸಬಹುದು; ನೀರಿಗೆ ಒಲಿಯುವ ಭಾಗಗಳನ್ನು ಅದು ಮಡಿಕೆಯೊಳಗೆ ಬಚ್ಚಿಟ್ಟುಕೊಂಡಿರುವುದು. ನೀಲಿ ಬೆಳಕಿನ ಶಕ್ತಿ ತಾಗಿದಾಗ ಅದರ ಒಂದು ಕೀಲು ತಿರುಚಿಕೊಂಡು ಮಡಿಕೆ ಬಿಚ್ಚುವುದು. ಕೆಲವು ಅಣುಗಳು ಲೂಮಿರುಬಿನ್ ಎಂಬ ಬೇರೆ ರೂಪವನ್ನೇ ತಾಳುವುವು. ಹೀಗೆ ಬಿಚ್ಚಿಕೊಂಡ ಅಣುಗಳು ನೀರಿಗೆ ಒಗ್ಗುವುದರಿಂದ, ಯಕೃತ್ತು ಆಮ್ಲವನ್ನು ಜೋಡಿಸಲೆಂದು ಕಾಯದೆ, ಪಿತ್ತದಲ್ಲಿಯೂ ಸ್ವಲ್ಪಮಟ್ಟಿಗೆ ಮೂತ್ರದಲ್ಲಿಯೂ ಹೊರಟುಹೋಗುವುವು. ಬೆಳಕಿನ ಅಲೆಯ ಉದ್ದವನ್ನು ನ್ಯಾನೋಮೀಟರುಗಳಲ್ಲಿ ಅಳೆಯುವರು. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿಗೆ ಆ ಹೆಸರು. ೪೬೦ರಿಂದ ೪೯೦ ನ್ಯಾನೋಮೀಟರಿನ ನಡುವಣ ನೀಲಿ, ಹಸಿರುನೀಲಿ ಬೆಳಕು ಈ ಕೆಲಸಕ್ಕೆ ತಕ್ಕುದು. ಚರ್ಮವನ್ನು ಸುಡುವ ಅತಿನೇರಳೆ ಕಿರಣವು ಬೇರೆ. ಅದಕ್ಕೆ ಇಲ್ಲಿ ಕೆಲಸವಿಲ್ಲ.

ಈ ಸಂಗತಿ ತಿಳಿದುಬಂದ ಬಗೆ ಸ್ವಾರಸ್ಯವಾಗಿದೆ. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ, ದಿನ ತುಂಬದೆ ಹುಟ್ಟಿದ ಕೂಸುಗಳ ವಿಭಾಗಕ್ಕೆ ಸಿಸ್ಟರ್ ವಾರ್ಡ್ ಎಂಬ ದಾದಿಯೊಬ್ಬರು ಮುಖ್ಯರಾಗಿದ್ದರು. ಕೋಣೆಯ ಉಸಿರುಕಟ್ಟುವ ಬಿಸಿಗಿಂತ ಹೊರಗಿನ ಗಾಳಿ ಬಿಸಿಲುಗಳು ಕೂಸಿಗೆ ಒಳ್ಳೆಯವೆಂದು ಅವರ ನಂಬಿಕೆ. ಹವೆ ಬೆಚ್ಚಗಿದ್ದ ದಿನಗಳಲ್ಲಿ ಅವರು ಕೂಸುಗಳನ್ನು ಅಂಗಳಕ್ಕೆ ಒಯ್ದು ಬಿಸಿಲಿನಲ್ಲಿ ಮಲಗಿಸಿ, ಮತ್ತೆ ಒಳಗೆ ತರುತ್ತಿದ್ದರು. ೧೯೫೬ರ ಬೇಸಗೆಯ ಒಂದು ದಿನ ಡಾಕ್ಟರ್ ಡಾಬ್ಸರು ಕೂಸುಗಳನ್ನು ನೋಡುತ್ತ ಬಂದಾಗ, ಸಿಸ್ಟರ್ ವಾರ್ಡ್ ಅಳುಕುತ್ತಲೇ ಒಂದು ಕೂಸಿನ ಬಟ್ಟೆ ಸರಿಸಿ ತೋರಿಸಿದರು. ಅದರ ಮೈಯೆಲ್ಲ ತೆಳು ಹಳದಿಯಾಗಿದ್ದಿತು. ಆದರೆ ಒಂದೆಡೆ ಗೆರೆ ಕೊರೆದಂತೆ ಮುಕ್ಕೋನವಾಗಿ ದಟ್ಟ ಹಳದಿ ಉಳಿದಿದ್ದಿತು. ಏನಾದರೂ ಬಣ್ಣದ ಔಷಧ ಬಳಿದಿರುವರೇನೋ ಎಂದು ಡಾಕ್ಟರರಿಗೆ ತೋರಿತು. ಹಾಗೇನೂ ಇರಲಿಲ್ಲ. ಹಾಸಿಗೆಯ ದುಪ್ಪಟಿಯ ಒಂದು ಮೂಲೆ ಕೂಸಿನ ಮೈಮೇಲೆ ಬಿದ್ದಿದ್ದ ತಾವು ಅದು. ಬಿಸಿಲು ತಾಗಿದ ಕಡೆಯೆಲ್ಲ ಕಾಮಾಲೆ ಮಾಸಿದ್ದಿತು, ಬಟ್ಟೆ ಮುಚ್ಚಿದ ಕಡೆ ಇದ್ದಂತೆಯೇ ಇದ್ದಿತು.

ಇಷ್ಟರಿಂದಲೇ ಯಾರೂ ತೀರ್ಮಾನಕ್ಕೆ ಬರಲಿಲ್ಲ. ಕೆಲವು ದಿನಗಳ ಮೇಲೆ ಅದೇ ಆಸ್ಪತ್ರೆಯಲ್ಲಿ, ಕಾಮಾಲೆ ಬಲಿತ ಕೂಸೊಂದರ ರಕ್ತವನ್ನು ಪರೀಕ್ಷಿಸಿದಾಗ ಬಿಲಿರುಬಿನ್ ನಿರೀಕ್ಷಿಸಿದುದಕ್ಕಿಂತ ಬಹಳ ಕಡಿಮೆಯಾಗಿ ಕಂಡುಬಂದಿತು. ವಿಚಾರಿಸಿದರೆ, ರಕ್ತದ ನಳಿಗೆಯು ಕಿಟಕಿಯ ಬಳಿ ಬಿಸಿಲಿನಲ್ಲಿ ಉಳಿದುಹೋಗಿದ್ದಿತು! ಆಗ ಡಾಕ್ಟರ್ ಕ್ರೆಮರರೂ ಜೊತೆಯವರೂ ಕೆಲಸಕ್ಕೆ ತೊಡಗಿದರು. ಬಿಸಿಲನ್ನು ನೆಚ್ಚಿಕೊಳ್ಳಲು ಇಂಗ್ಲೆಂಡಿನ ಮೋಡ ಬಿಡಬೇಕಲ್ಲ. ಅದಕ್ಕಾಗಿ ಅರ್ಧ ಕೊಳವೆಯಾಕಾರದ ಮುಚ್ಚಳದ ಒಳಗಡೆಗೆ ನೀಲಿ ಟ್ಯೂಬ್ ದೀಪಗಳನ್ನು ಜೋಡಿಸಿ ಅದರಡಿಯಲ್ಲಿ ಕೂಸನ್ನು ಮಲಗಿಸಿದರು. ೧೯೫೮ರಲ್ಲಿ ಕ್ರೆಮರ್, ಪೆರಿಮನ್, ರಿಚರ್ಡ್ಸ್ ಈ ಮೂವರ ಹೆಸರಿನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಲೇಖನ ಪ್ರಕಟವಾಯಿತು. ಲೇಖಕರ ಸಾಲಿನಲ್ಲಿ ಸಿಸ್ಟರ್ ವಾರ್ಡರ ಹೆಸರಿಲ್ಲದಿರುವುದು ನಮಗೆ ಇಂದಿಗೂ ಕೊರತೆಯಾಗಿಯೇ ತೋರುವುದು. ಅಮೇರಿಕದ ವೈದ್ಯರು ಬಹಳ ವರ್ಷ ಇದನ್ನು ನಂಬದೆ ಇದ್ದರು. ೧೯೬೮ರಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದ ಲೂಸಿ ಮತ್ತು ಸಂಗಡಿಗರು ಬೆಳಕು ಕೊಟ್ಟ ಕೂಸುಗಳನ್ನೂ ಕೊಡದ ಕೂಸುಗಳನ್ನೂ ಹೋಲಿಸಿ ತೋರಿಸಿದ ಮೇಲೆ ಅಲ್ಲಿಯೂ ಹಬ್ಬಿತು. ಅದಕ್ಕೆ ಮೊದಲು ಕಾಮಾಲೆ ಬಲಿತರೆ ಕೂಸಿನ ರಕ್ತವನ್ನೇ ಸ್ವಲ್ಪಸ್ವಲ್ಪವಾಗಿ ತೆಗೆದು ಬೇರೆಯವರ ರಕ್ತವನ್ನು ತುಂಬಬೇಕಾಗುತ್ತಿತ್ತು. ಈಗ ಆ ಕಠಿನ ಚಿಕಿತ್ಸೆ ಅಪರೂಪವಾಗಿದೆ.

ಹಾಗಾದರೆ ದೀಪವಿದ್ದಮೇಲೆ ಬಟ್ಟೆ ಏಕೆ? ದೀಪದ ಕೆಳಗೆ ಮಲಗಿದ ಕೂಸನ್ನು ಕಂಡ ತಾಯಂದಿರಿಗೆ ಈ ಪ್ರಶ್ನೆ ಬಾರದು. ಲಂಗೋಟಿಯ ಹೊರತು ಮೈಮೇಲೆ ಏನೂ ಇರದು. ಬೆಳಕು ನಾಟದಿರಲೆಂದು ಕಣ್ಣಿಗೆ ಪಟ್ಟಿ ಕಟ್ಟಿರುವರು. ಎದೆಗಪ್ಪಿಕೊಂಡರೆ ಬೆಳಕು ತಪ್ಪುವುದು. ಬೆಳಕಿನಲ್ಲಿಟ್ಟರೆ ಮಡಿಲು ತಪ್ಪುವುದು. ಹಡೆದ ಮೂರನೆಯ ದಿನ, ಹಾಲು ಇಳಿಯುತ್ತಿರುವ ಹೊತ್ತಿನಲ್ಲಿ, ಗಾಜಿನಾಚೆಗೆ ಕೂಸನ್ನು ನೋಡುತ್ತ ಕುಳಿತ ಬಾಣಂತಿಯರನ್ನು ನಾವು ಕಂಡಿದ್ದೇವೆ. ಹಾಲು ಚೆನ್ನಾಗಿ ಕುಡಿದರೆ ಮಲವಿಸರ್ಜನೆ ಸರಾಗವಾಗಿ ಬಿಲಿರುಬಿನ್ ಬೇಗ ಹೊರಬೀಳುವುದೆಂಬುದನ್ನು ನೆನೆದರೆ, ಈ ಅಗಲಿಕೆ ಮನಸ್ಸಿಗಷ್ಟೇ ಅಲ್ಲ, ಚಿಕಿತ್ಸೆಗೂ ತೊಡಕು. ಬೆಳಕನ್ನೇ ಕುಂಚಿಗೆಯಂತೆ ಕೂಸಿಗೆ ಸುತ್ತಿಬಿಟ್ಟರೆ ತಾಯಿ ಅದನ್ನು ಎತ್ತಿಕೊಂಡು ಹಾಲೂಡಿಸಬಹುದು ಎಂಬುದೇ ಬಟ್ಟೆಯ ಆಸೆ.

ಬೆಳಕನ್ನು ನೂಲಿನೊಳಗೆ ಹರಿಯಿಸುವುದು ಹೇಗೆ? ಇದಕ್ಕೊಂದು ಪ್ರಯೋಗವನ್ನು ಮನೆಯಲ್ಲಿಯೇ ಮಾಡಿ ನೋಡಿರಿ. ತಿಳಿಯಾದ ಪ್ಲಾಸ್ಟಿಕ್ ಬಾಟಲಿಯ ಕೆಳಭಾಗದಲ್ಲಿ ದಬ್ಬಣದಿಂದ ದುಂಡಗಿನ ಒಂದು ತೂತು ಮಾಡಿ, ಬೆರಳಿನಿಂದ ಮುಚ್ಚಿ ನೀರು ತುಂಬಿರಿ. ಕೋಣೆಯನ್ನು ಕತ್ತಲೆ ಮಾಡಿ, ತೂತಿಗೆ ಎದುರಾಗಿ ಬಾಟಲಿಯ ಹಿಂದೆ ಬ್ಯಾಟರಿ ದೀಪವನ್ನು ಹಿಡಿದು ಬೆರಳು ತೆಗೆಯಿರಿ. ನೀರು ಬಿಲ್ಲಿನಂತೆ ಬಾಗಿ ಬೀಳುವುದು. ಅದು ಬೀಳುವಲ್ಲಿ ಅಂಗೈ ಒಡ್ಡಿದರೆ ಅಲ್ಲಿ ಬೆಳಕಿನ ಚುಕ್ಕೆ ಕಾಣುವುದು. ನೆಟ್ಟಗೆ ಹೋಗಬೇಕಾದ ಬೆಳಕು ನೀರಿನ ಜೊತೆಗೆ ಬಾಗಿ ಬಂದಿತು! ಜಿನೀವಾ ನಗರದ ಕೊಲಾಡನ್ ಎಂಬ ವಿಜ್ಞಾನಿ ೧೮೪೧ರಲ್ಲಿ ಇದನ್ನು ತೋರಿಸಿದನು. ನೀರಿನಿಂದಾಗಲಿ ಗಾಜಿನಿಂದಾಗಲಿ ಗಾಳಿಗೆ ಹೊರಡುವ ಬೆಳಕು ಬಹಳ ಓರೆಯಾಗಿ ಬಂದರೆ ಹೊರಬೀಳದೆ ಕನ್ನಡಿಗೆ ತಾಗಿದಂತೆ ಒಳಕ್ಕೇ ಮರಳುವುದು. ಹೀಗೆ ಗೋಡೆಯಿಂದ ಗೋಡೆಗೆ ಪುಟಿಯುತ್ತ ಮುಂದೆ ಸಾಗುವುದು. ಗಾಜನ್ನೋ ಪ್ಲಾಸ್ಟಿಕ್ಕನ್ನೋ ಕೂದಲಿನಷ್ಟು ಸಣ್ಣಗೆ ಎಳೆದರೂ ಇದೇ ನಿಯಮ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು ಹಾಪ್‌ಕಿನ್ಸರೊಡನೆ ಲಂಡನ್ನಿನಲ್ಲಿ ಇಂತಹ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನೇ ಸಾಗಿಸಿ, ೧೯೫೪ರಲ್ಲಿ ಅದನ್ನು ಪ್ರಕಟಿಸಿದರು. ಇಂದು ದೂರವಾಣಿಯ ಮಾತುಗಳು ಸಮುದ್ರದಾಚೆಗೆ ಹೋಗುವುದು ಇಂತಹ ಎಳೆಗಳಲ್ಲಿಯೇ.

ದೂರವಾಣಿಯ ಎಳೆಯಲ್ಲಿ ಬೆಳಕು ಸೋರಬಾರದು. ಕೂಸಿನ ಬಟ್ಟೆಯಲ್ಲಿ ಸೋರಲೇಬೇಕು, ಅದೂ ಉದ್ದಕ್ಕೂ ಒಂದೇ ಸಮನಾಗಿ. ಇಲ್ಲಿ ವಿಜ್ಞಾನಿಯು ನೇಕಾರನ ಬಳಿಗೆ ಬರಬೇಕಾಯಿತು. ಎಳೆಯನ್ನು ಗಟ್ಟಿಯಾಗಿ ಬಾಗಿಸಿದರೆ ಆ ಬಾಗಿನಲ್ಲಿ ಬೆಳಕು ಗೋಡೆಗೆ ತಾಗುವ ಓರೆ ಕೆಟ್ಟು, ಸ್ವಲ್ಪ ಹೊರಬೀಳುವುದು. ನೇಯ್ಗೆಯೆಂದರೇನು? ಎಳೆ ಮೇಲೆ ಕೆಳಗೆ ಬಾಗುವುದೇ ಅಲ್ಲವೆ! ಸಾದಾ ನೇಯ್ಗೆಯಲ್ಲಿ ಹೊಕ್ಕಿನ ಎಳೆ ಹಾಸಿನ ಒಂದೆಳೆಯ ಮೇಲೆ, ಮುಂದಿನದರ ಕೆಳಗೆ ಹೀಗೆ ಹೆಜ್ಜೆಹೆಜ್ಜೆಗೂ ಬಾಗುವುದು. ಬೆಳಕಿನ ಎಳೆಯನ್ನು ಹಾಗೆ ನೇಯ್ದರೆ ದೀಪದ ಸಮೀಪದಲ್ಲಿಯೇ ಬೆಳಕೆಲ್ಲ ಸೋರಿಹೋಗಿ ಬಟ್ಟೆಯ ಇನ್ನೊಂದು ಅಂಚು ಕತ್ತಲೆಯಾಗುವುದು. ಸಾಟಿನ್ ನೇಯ್ಗೆಯಲ್ಲಿ ಹಾಗಲ್ಲ. ಎಳೆಯು ಹಲವು ಎಳೆಗಳ ಮೇಲೆ ತೇಲಿಹೋಗಿ ಒಮ್ಮೆ ಮಾತ್ರ ಕೆಳಗಿಳಿಯುವುದು. ಬಾಗು ಕಡಿಮೆ, ಬೆಳಕು ದೂರ ಹೋಗುವುದು. ಸಾಟಿನ್ನಿನ ನುಣುಪಿಗೂ ಹೊಳಪಿಗೂ ಕಾರಣ ಈ ತೇಲುವ ಎಳೆಗಳೇ. ಎಳೆಗೂಸಿನ ಚರ್ಮಕ್ಕೆ ಆ ನುಣುಪು ಬೇಕಾದುದು ತಾನೆ.

ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್ ನಗರದಲ್ಲಿರುವ ಎಂಪಾ ಸಂಶೋಧನಾಲಯದವರು ಈ ಲೆಕ್ಕವನ್ನೇ ಕೂಲಂಕಷವಾಗಿ ಮಾಡಿದರು. ಸುಮಾರು ೦.೧೬ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಬೆಳಕಿನೆಳೆಗಳನ್ನು ಸಾಮಾನ್ಯ ನೂಲಿನೊಡನೆ ಸಾಟಿನ್ ನೇಯ್ಗೆಯಲ್ಲಿ ನೇಯ್ದು, ಎಳೆ ಬಾಗುವ ಒಂದು ತಾವಿಗೂ ಮುಂದಿನ ತಾವಿಗೂ ೬.೫ ಮಿಲಿಮೀಟರ್ ಅಂತರವಿದ್ದರೆ ಬೆಳಕು ಚೆನ್ನಾಗಿ ಹಂಚಿಕೆಯಾಗುವುದೆಂದು ಕಂಡುಕೊಂಡು ೨೦೧೭ರಲ್ಲಿ ತಿಳಿಸಿದರು. ಎಳೆಗಳ ತುದಿಗಳನ್ನು ಅಂಚಿನಲ್ಲಿ ಕಟ್ಟುಕಟ್ಟಾಗಿ ಕೂಡಿಸಿ ಬ್ಯಾಟರಿಯಿಂದ ಉರಿಯುವ ಎಲ್‌ಇಡಿ ದೀಪಗಳಿಗೆ ಹೊಂದಿಸುವರು. ಬಟ್ಟೆಯೊಳಗೆ ಬೆಳಕು ಮಾತ್ರ ಹರಿಯುವುದು, ವಿದ್ಯುತ್ತು ಹರಿಯದು. ಬಟ್ಟೆಯನ್ನು ತೊಳೆಯಲೂ ಬರುವುದು. ಬೆಳಕು ಒಳಮುಖವಾಗಿ ಚರ್ಮದ ಮೇಲೆ ಬೀಳುವುದರಿಂದ ಕೂಸಿನ ಕಣ್ಣಿಗೆ ಪಟ್ಟಿ ಕಟ್ಟುವ ಕಾಟ ತಪ್ಪೀತೆಂಬುದು ಅವರ ಆಶಯ.

ಫ್ರಾನ್ಸಿನ ಲಿಯೋನ್ ಸೀಮೆಯ ಬ್ರೋಶಿಯೆ ಸಂಸ್ಥೆಯವರ ದಾರಿ ಬೇರೆ. ಅವರು ಎಳೆಯ ಮೈಯನ್ನೇ ಅಲ್ಲಲ್ಲಿ ಅತಿ ಸೂಕ್ಷ್ಮವಾಗಿ ಕೆರೆದು ಬೆಳಕು ಹೊರಬರುವಂತೆ ಮಾಡುವರು. ಇಂತಹ ಬಟ್ಟೆಯಿಂದ ಮಾಡಿದ, ಕೂಸನ್ನು ಸುತ್ತಿ ಮಲಗಿಸುವ ಬೆಳಕಿನ ಚೀಲ ಆಸ್ಪತ್ರೆಗಳಿಗೂ ಬಂದಿದೆ. ಲಿಯೋನಿನ ಹೆಸರು ಹೇಳಿದೊಡನೆ ನಮ್ಮ ಊರಿನ ನೇಕಾರರಿಗೆ ಒಂದು ಮಾತು ನೆನಪಾಗಬೇಕು. ರೇಷ್ಮೆಗೆ ಹೆಸರಾದ ಆ ಊರಿನಲ್ಲಿಯೇ ಜಾಕಾರ್ಡ್ ಎಂಬಾತನು ೧೮೦೪ರ ಸುಮಾರಿಗೆ ತೂತು ಹೊಡೆದ ರಟ್ಟುಗಳಿಂದ ಹಾಸಿನ ಎಳೆಗಳನ್ನು ಎತ್ತುವ ಯಂತ್ರವನ್ನು ರೂಪಿಸಿದುದು. ಸೊಲ್ಲಾಪುರದ ಚಾದರಿನಲ್ಲಿ ನವಿಲು, ಹೂವು ಮೂಡುವುದು ಆ ಜಾಕಾರ್ಡಿನಿಂದಲೇ. ಬೆಳಕಿನ ಬಟ್ಟೆಯನ್ನೂ ಬ್ರೋಶಿಯೆಯವರು ಜಾಕಾರ್ಡ್ ಮಗ್ಗದಲ್ಲಿ ನೇಯುವರು.

ಇವಕ್ಕೆಲ್ಲ ಒಂದು ಹಿರಿಯ ಅಕ್ಕನೂ ಉಂಟು. ೧೯೮೦ರ ದಶಕದ ಕೊನೆಯಿಂದಲೇ ಬೆಳಕಿನೆಳೆಗಳ ಚಪ್ಪಟೆ ಹಾಸನ್ನು ಕೂಸಿನ ಬೆನ್ನಿಗೆ ಕೊಡುವ ಸಾಧನ ಬಳಕೆಯಲ್ಲಿದೆ. ಅದನ್ನು ಪರೀಕ್ಷಿಸಿದಾಗ ತಿಳಿದುಬಂದ ಸಂಗತಿಯನ್ನು ಮುಚ್ಚಿಡಬಾರದು: ದಿನ ತುಂಬದ ಚಿಕ್ಕ ಕೂಸುಗಳಲ್ಲಿ ಅದು ಮೇಲಿನ ದೀಪಕ್ಕೆ ಸಮನಾಗಿತ್ತು, ದಿನ ತುಂಬಿದ ಕೂಸುಗಳಲ್ಲಿ ದೀಪಕ್ಕಿಂತ ಹಿಂದೆ ಬಿದ್ದಿತು. ಕಾರಣ ಸರಳ. ಚಿಕಿತ್ಸೆಯ ಬಲವು ಎರಡು ಸಂಗತಿಗಳಿಂದ ಆಗುವುದು: ಚರ್ಮದ ಒಂದೊಂದು ಅಂಗುಲಕ್ಕೆ ಬೀಳುವ ಬೆಳಕಿನ ತೀಕ್ಷ್ಣತೆ, ಬೆಳಕು ಬೀಳುವ ಚರ್ಮದ ವಿಸ್ತಾರ. ತೀಕ್ಷ್ಣತೆಗೆ ಅಮೇರಿಕದ ಶಿಶುವೈದ್ಯರ ಅಕಾಡೆಮಿಯು ಹೇಳುವ ಪ್ರಮಾಣ ಪ್ರತಿ ಚದರ ಸೆಂಟಿಮೀಟರಿಗೆ, ಪ್ರತಿ ನ್ಯಾನೋಮೀಟರಿಗೆ ಕನಿಷ್ಠ ೩೦ ಮೈಕ್ರೋವಾಟ್. ದೊಡ್ಡ ಕೂಸಿಗೆ ಚಿಕ್ಕ ಹಾಸು ಸಾಲದು. ಆದುದರಿಂದಲೇ ಬೆನ್ನು, ಹೊಟ್ಟೆ, ತೊಡೆಗಳನ್ನೆಲ್ಲ ಬಳಸುವ ಉಡುಪಿನ ಕಡೆಗೆ ಈಗ ಎಲ್ಲರ ದೃಷ್ಟಿ. ದಕ್ಷಿಣ ಕೊರಿಯದ ಕೈಸ್ಟ್ ವಿದ್ಯಾಸಂಸ್ಥೆಯವರು ೨೦೨೨ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಬಟ್ಟೆಯ ಮೇಲೆಯೇ ತೆಳು ಪದರವಾಗಿ ಬೆಳಗುವ ನೀಲಿ ಓಎಲ್‌ಇಡಿಯನ್ನು ಹರಡಿದರು. ಅದು ೪ ವೋಲ್ಟಿಗಿಂತ ಕಡಿಮೆ ವಿದ್ಯುತ್ತಿನಿಂದ, ೩೫ ಡಿಗ್ರಿ ಮೀರದ ಬಿಸಿಯಲ್ಲಿ ಬೆಳಗಿ, ತೀಕ್ಷ್ಣತೆಯಲ್ಲಿ ೨೦ ಮೈಕ್ರೋವಾಟನ್ನು ದಾಟಿತು. ಆದರೆ ಆ ಪರೀಕ್ಷೆ ನಡೆದುದು ಕೂಸಿನ ಮೇಲಲ್ಲ, ಪಾತ್ರೆಯಲ್ಲಿಟ್ಟ ರಕ್ತದ್ರವದ ಮೇಲೆ ಎಂಬುದನ್ನು ಮರೆಯದಿರೋಣ.

“ಬೆಳಕೇ ಮದ್ದಾದರೆ ನಮ್ಮ ಎಳೆಬಿಸಿಲೇನು ಕಡಿಮೆ?” ಎಂದು ಹಿರಿಯರು ಕೇಳುವರು. ನ್ಯಾಯವಾದ ಪ್ರಶ್ನೆ. ಬಿಸಿಲಿನಲ್ಲಿ ನೀಲಿ ಬೆಳಕು ಧಾರಾಳವಾಗಿದೆ. ಸಿಸ್ಟರ್ ವಾರ್ಡರಿಗೆ ದಾರಿ ತೋರಿದುದೂ ಬಿಸಿಲೇ. ಆದರೆ ಅದರೊಡನೆ ಅತಿನೇರಳೆ ಕಿರಣವೂ ಕಾವೂ ಬರುವುವು. ಬತ್ತಲೆ ಕೂಸಿಗೆ ಹೊತ್ತೇರಿದರೆ ಸುಡುವ ಭಯ, ಮುಂಜಾನೆಗೆ ಚಳಿಯ ಭಯ. ಎಷ್ಟು ಬೆಳಕು ಬಿದ್ದಿತೆಂದು ಅಳೆದವರಾರು? ನೈಜೀರಿಯದ ಲಾಗೋಸ್ ನಗರದಲ್ಲಿ ಬಿಸಿಲಿನ ಕೆಟ್ಟ ಕಿರಣಗಳನ್ನು ಸೋಸುವ ಹಾಳೆಯ ಚಪ್ಪರ ಕಟ್ಟಿ, ಅದರಡಿಯಲ್ಲಿ ದಾದಿಯರ ಕಾವಲಿನಲ್ಲಿ ಕೂಸುಗಳನ್ನಿಟ್ಟು ಪರೀಕ್ಷಿಸಿದರು. ಸೋಸಿದ ಬಿಸಿಲು ದೀಪಕ್ಕೆ ಸೋಲಲಿಲ್ಲವೆಂದು ೨೦೧೫ರಲ್ಲಿ ಪ್ರಕಟವಾಯಿತು. ನಮ್ಮ ಅಂಗಳದ ಬಿಸಿಲಿಗೆ ಆ ಚಪ್ಪರವೂ ಇಲ್ಲ, ಆ ಕಾವಲೂ ಇಲ್ಲ. ಇನ್ನು ಕಾಮಾಲೆಗೆಂದು ಎಳೆಗೂಸಿಗೆ ಬರೆ ಹಾಕುವ ರೂಢಿ ಎಲ್ಲಿಯಾದರೂ ಉಳಿದಿದ್ದರೆ ಅದನ್ನು ಚಿಕಿತ್ಸೆಯೆಂದು ಕರೆಯಲಾರೆವು.

ಪಾಲಕರು ನೆನಪಿಡಬೇಕಾದ ಗುರುತುಗಳು ಕೆಲವೇ. ಹುಟ್ಟಿದ ಮೊದಲ ೨೪ ಗಂಟೆಯೊಳಗೆ ಹಳದಿ ಕಂಡರೆ, ಅಂಗೈ ಅಂಗಾಲುಗಳವರೆಗೆ ಇಳಿದರೆ, ಕೂಸು ಹಾಲು ಬಿಟ್ಟು ಮಂಪರಿನಲ್ಲಿದ್ದರೆ, ಕೀರಲು ದನಿಯಲ್ಲಿ ಅತ್ತು ಬೆನ್ನನ್ನು ಹಿಂದಕ್ಕೆ ಬಿಲ್ಲಿನಂತೆ ಸೆಟೆಸಿದರೆ, ಬೆಳಗಾಗಲೆಂದು ಕಾಯಬಾರದು. ಮಲ ಸುಣ್ಣದಂತೆ ಬಿಳಿಚಿಕೊಂಡರೆ, ಅಥವಾ ಹಳದಿ ಎರಡು ವಾರ ಮೀರಿದರೆ ಅದು ಬೇರೆ ಬಗೆಯ ಕಾಮಾಲೆಯಾಗಿರಬಹುದು. ಪಿತ್ತದ ದಾರಿಯೇ ಕಟ್ಟಿದ್ದರೆ ಬೆಳಕಿನಿಂದ ಉಪಯೋಗವಿಲ್ಲ, ಶಸ್ತ್ರಚಿಕಿತ್ಸೆ ಬೇಕಾಗುವುದು; ಅದಕ್ಕೂ ಹೊತ್ತು ಮೀರಬಾರದು.

ಬೆಳಕಿನ ಬಟ್ಟೆಯನ್ನು ಸುತ್ತಿದ ಮೇಲೆ ಕೂಸಿನ ಮೈಬಣ್ಣ ಬೇಗ ತಿಳಿಯಾಗುವುದು. ಇದನ್ನು ಕಂಡು ರೋಗ ಹೋಯಿತೆಂದು ತಾಯಿ ಬಟ್ಟೆಯನ್ನು ಬಿಚ್ಚಿಬಿಡಬಹುದು, ವೈದ್ಯರು ಬಿಡುವುದಿಲ್ಲ. ನೀಲಿ ಬೆಳಕು ಮೊದಲು ಅಳಿಸುವುದು ಚರ್ಮದಲ್ಲಿರುವ ಹಳದಿಯನ್ನು. ಒಳಗಿನ ರಕ್ತದಲ್ಲಿ ಅದು ಇನ್ನೂ ಹೆಚ್ಚಾಗಿಯೇ ಉಳಿದಿರಬಹುದು. ರಾಚ್‌ಫರ್ಡ್ ಆಸ್ಪತ್ರೆಯ ಆ ಕೂಸಿನ ಮೈ ತೆಳುವಾಗಿ ಕಂಡುದೂ ಚರ್ಮದ ಮಾತೇ. ಆದಕಾರಣ ಬೆಳಕು ಕೊಡುತ್ತಿರುವಷ್ಟು ಕಾಲವೂ ಕೂಸಿನ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು ಅಳೆಯುವರು. ಅಳತೆ ಸಾಕಷ್ಟು ಇಳಿದ ಮೇಲೆಯೇ ಬೆಳಕನ್ನು ನಿಲ್ಲಿಸುವರು. ನಿಲ್ಲಿಸಿದ ಮೇಲೆ ಮರಳಿ ಏರುವುದುಂಟಾದ್ದರಿಂದ, ಬೇಕೆನಿಸಿದ ಕೂಸುಗಳಿಗೆ ಮತ್ತೊಮ್ಮೆ ಅಳೆದು ಮನೆಗೆ ಕಳುಹಿಸುವರು.